ಅಸೆಂಬ್ಲರ್ ಎಂದರೆ ಇಫ್‌ಗಳ ಸರಮಾಲೆಯಲ್ಲ

ಮಾನ್ಯ ಸಂಪಾದಕರೇ,

ಇಸ್ರೊ ತನ್ನ 32 ಬಿಟ್‌ನ ವಿಕ್ರಮ್ 3201 ಪ್ರೊಸೆಸರನ್ನು 2025ರ ಮಾರ್ಚ್‌ನಲ್ಲಿ ಹೊರತಂದಾಗ ಎಲ್ಲರ ಕಣ್ಣು ಚಿಪ್‌ನ ಮೇಲಿತ್ತು. ಅಡಾ ಕಂಪೈಲರ್, ಅಸೆಂಬ್ಲರ್ (ನಾವು ಬರೆದ ಆದೇಶಗಳ ಸಾಲುಗಳನ್ನು ಚಿಪ್ ಓದುವ ಬೈಟ್‌ಗಳಾಗಿ ಬದಲಿಸುವ ಪ್ರೋಗ್ರಾಂ), ಲಿಂಕರ್, ಸಿಮ್ಯುಲೇಟರ್‌ಗಳನ್ನೂ ಸಂಸ್ಥೆಯೊಳಗೇ ಬರೆದುಕೊಂಡಿದ್ದೇವೆ ಎಂದು ಇಸ್ರೊ ಹೇಳಿದ ಮಾತು ಮಾತ್ರ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಬರೆದುಕೊಳ್ಳದೆ ವಿಧಿಯೂ ಇರಲಿಲ್ಲ. ಇನ್‌ಸ್ಟ್ರಕ್ಷನ್ ಸೆಟ್, ಅಂದರೆ ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿ, ಸ್ವಂತದ್ದಾದರೆ ಅದಕ್ಕೆ ಸಿದ್ಧ ಅಸೆಂಬ್ಲರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಎಂಬ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್ ಆಧಾರಿತವಾದ್ದರಿಂದ ಅವುಗಳಿಗೆ ಸಿದ್ಧ ಅಸೆಂಬ್ಲರ್ ಇದೆ, ನಿಜ. ಆದರೆ ಅಂಥ ಪ್ರೊಸೆಸರ್‌ಗೆ ತಮ್ಮದೇ ಒಂದು ಹೊಸ ಇನ್‌ಸ್ಟ್ರಕ್ಷನ್ ಸೇರಿಸುವ ದಿನ ಅಸೆಂಬ್ಲರ್‌ನ ಒಳಗೆ ಕೈ ಹಾಕಲೇಬೇಕು.

ಇಂಥ ಹೊತ್ತಿನಲ್ಲಿ ನಮ್ಮ ಕಾಲೇಜುಗಳ ಸಿಸ್ಟಂ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ ಅಸೆಂಬ್ಲರ್ ಎಂಬ ಹೆಸರಿನಲ್ಲಿ ಬರೆಸುತ್ತಿರುವುದೇನು? ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಇರುವುದು ಇಷ್ಟೇ: ಎಫ್‌ಸ್ಕ್ಯಾನ್‌ಎಫ್‌ನಲ್ಲಿ ಮೂರು ಪದ ಓದು, ಎರಡನೆಯದನ್ನು ಸ್ಟ್ರಿಂಗ್ ಕಂಪೇರ್ ಮಾಡುತ್ತ ಇಫ್, ಎಲ್ಸ್ ಇಫ್ ಎಂದು ಇಳಿಯುತ್ತ ಹೋಗು, ಸಿಕ್ಕಿದಲ್ಲಿ ಬೈಟ್ ಬರೆ. ಪರೀಕ್ಷಕರು ಕೊಡುವ ಹತ್ತು ಸಾಲಿನ ಇನ್‌ಪುಟ್‌ಗೆ ಇದು ಸರಿಯಾಗಿಯೇ ಉತ್ತರ ಕೊಡುತ್ತದೆ. ಪ್ರೊಸೆಸರ್ ಬದಲಾದರೆ ಮೊದಲಿನಿಂದ ಶುರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಪ್ರತಿ ಸೆಮಿಸ್ಟರ್ ಇದೇ ನಡೆಯುತ್ತದೆ. ಯಾವ ಪ್ರೊಸೆಸರ್‌ಗಾದರೂ ಹೊಂದುವ ಅಸೆಂಬ್ಲರ್‌ನಲ್ಲಿ ಇನ್‌ಸ್ಟ್ರಕ್ಷನ್ ಹುಡುಕುವುದು ಹೇಗೆ, ಆಪರೆಂಡ್ (ಇನ್‌ಸ್ಟ್ರಕ್ಷನ್‌ನ ಹೆಸರಿನ ಮುಂದೆ ಬರುವ ರಿಜಿಸ್ಟರ್, ಸಂಖ್ಯೆ ಅಥವಾ ವಿಳಾಸ) ಓದುವುದು ಹೇಗೆ ಎಂಬುದನ್ನು ತುಸು ಬಿಡಿಸಿ ಹೇಳಲು ಈ ಪತ್ರ. ಪಠ್ಯಕ್ರಮ ರೂಪಿಸುವವರು, ಲ್ಯಾಬ್ ಪ್ರಶ್ನೆ ತೆಗೆಯುವವರು ಓದಲಿ ಎಂಬ ಆಸೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ನಿಮೋನಿಕ್, ಅಂದರೆ ಇನ್‌ಸ್ಟ್ರಕ್ಷನ್‌ನ ಹೆಸರು, ಸಿಕ್ಕಿದರೆ ಇನ್‌ಸ್ಟ್ರಕ್ಷನ್ ಸಿಕ್ಕಿತು ಎಂದು ಹೆಚ್ಚಿನವರು ನಂಬಿದ್ದಾರೆ. ನಮ್ಮ ಹುಡುಗರಿಗೆ ಪರಿಚಯವಿರುವ ಇಂಟೆಲ್‌ನ 8085 ಪ್ರೊಸೆಸರ್‌ನಲ್ಲಿ ಅಕ್ಯುಮ್ಯುಲೇಟರ್ ಎಂಬ ಎ ರಿಜಿಸ್ಟರ್‌ಗೆ ಬೆಲೆ ತುಂಬುವ ನಾಲ್ಕು ದಾರಿ ನೋಡಿ. ‘ಮೂವ್ ಎ,ಬಿ’ ಎಂದರೆ ಹೆಕ್ಸ್ 78. ‘ಎಂವಿಐ ಎ,5’ ಎಂದರೆ 3ಇ 05. ‘ಎಲ್‌ಡಿಎ 2050ಎಚ್’ ಎಂದರೆ 3ಎ 50 20. ‘ಮೂವ್ ಎ,ಎಂ’ ಎಂದರೆ 7ಇ (ಎಂ ಎಂದರೆ ಎಚ್‌ಎಲ್ ರಿಜಿಸ್ಟರ್ ಜೋಡಿ ತೋರಿಸುವ ಮೆಮೊರಿ ಜಾಗ). ಝೈಲಾಗ್ ಕಂಪನಿಯ ಝಡ್80 ಕೂಡ ಇದೇ ಬೈಟ್‌ಗಳನ್ನು ಇದೇ ಅರ್ಥದಲ್ಲಿ ನಡೆಸುತ್ತದೆ. ಆದರೆ ಅಲ್ಲಿನ ಬರವಣಿಗೆ ಬೇರೆ: ‘ಎಲ್‌ಡಿ ಎ,ಬಿ’, ‘ಎಲ್‌ಡಿ ಎ,5’, ‘ಎಲ್‌ಡಿ ಎ,(2050ಎಚ್)’, ‘ಎಲ್‌ಡಿ ಎ,(ಎಚ್‌ಎಲ್)’. ಇಂಟೆಲ್‌ನವರು ವ್ಯತ್ಯಾಸವನ್ನು ಹೆಚ್ಚಾಗಿ ಹೆಸರಿನಲ್ಲಿಟ್ಟರು, ಝೈಲಾಗ್‌ನವರು ಆಪರೆಂಡ್‌ನ ಆಕಾರದಲ್ಲಿಟ್ಟರು. ಊರಲ್ಲಿ ಮಂಜುನಾಥ ಎಂದರೆ ಹತ್ತು ಮಂದಿ, ಮನೆತನದ ಹೆಸರು ಸೇರಿದರೆ ಮಾತ್ರ ಯಾರೆಂದು ತಿಳಿಯುತ್ತದೆ. ಎಲ್‌ಡಿ ಅಂಥ ಮಂಜುನಾಥ. ಹೆಸರು ಮತ್ತು ಆಪರೆಂಡ್‌ಗಳ ಆಕಾರ ಎರಡೂ ಸೇರಿದರೇ ಒಂದು ಇನ್‌ಸ್ಟ್ರಕ್ಷನ್.

ಆದ್ದರಿಂದ ಇನ್‌ಸ್ಟ್ರಕ್ಷನ್‌ಗಳನ್ನು ಇಫ್‌ಗಳಾಗಿ ಬರೆಯದೆ ಒಂದು ಕೋಷ್ಟಕದಲ್ಲಿಡಬೇಕು. ಅದರ ಒಂದು ಸಾಲಿನಲ್ಲಿ ಇರಬೇಕಾದ್ದು ಐದು: ಹೆಸರು, ಆಪರೆಂಡ್‌ಗಳ ಆಕಾರ, ಮೂಲ ಬೈಟ್, ಪ್ರತಿ ಆಪರೆಂಡ್ ಯಾವ ಬಿಟ್‌ನಿಂದ ಕೂರಬೇಕು ಎಂಬ ಜಾಗ, ಮತ್ತು ಅದರ ಬೆಲೆಯ ಮಿತಿ. 8085ರ ಮೂವ್‌ಗೆ ಒಂದೇ ಸಾಲು ಸಾಕು. ಆಕಾರ ‘ರಿಜಿಸ್ಟರ್, ರಿಜಿಸ್ಟರ್’, ಮೂಲ ಬೈಟ್ 40, ಮೊದಲನೆಯದನ್ನು ಮೂರು ಬಿಟ್ ಎಡಕ್ಕೆ ಸರಿಸಿ ಕೂಡು, ಎರಡನೆಯದನ್ನು ಹಾಗೆಯೇ ಕೂಡು. ಬಿ, ಸಿ, ಡಿ, ಇ, ಎಚ್, ಎಲ್, ಎಂ, ಎ ಇವಕ್ಕೆ ಕ್ರಮವಾಗಿ 0ಯಿಂದ 7. ಹಾಗಾಗಿ ‘ಮೂವ್ ಬಿ,ಸಿ’ 41 ಆಗುತ್ತದೆ, ‘ಮೂವ್ ಎ,ಬಿ’ 78 ಆಗುತ್ತದೆ. ಈ ಒಂದು ಸಾಲು 63 ಆಪ್‌ಕೋಡ್‌ಗಳನ್ನು (ಇನ್‌ಸ್ಟ್ರಕ್ಷನ್‌ನ ಮೊದಲ ಬೈಟ್‌ಗಳನ್ನು) ನೋಡಿಕೊಳ್ಳುತ್ತದೆ. 64 ಏಕಲ್ಲ? ‘ಮೂವ್ ಎಂ,ಎಂ’ ಲೆಕ್ಕ ಹಾಕಿದರೆ 76 ಬರುತ್ತದೆ, ಅದು ಎಚ್‌ಎಲ್‌ಟಿ, ಪ್ರೊಸೆಸರನ್ನು ನಿಲ್ಲಿಸುವ ಇನ್‌ಸ್ಟ್ರಕ್ಷನ್. ತಡೆಯದೆ ಬಿಟ್ಟರೆ ಮೆಮೊರಿಯಿಂದ ಮೆಮೊರಿಗೆ ಸಾಗಿಸು ಎಂದು ಬರೆದವನ ಪ್ರೋಗ್ರಾಂ ಸದ್ದಿಲ್ಲದೆ ಅಲ್ಲೇ ನಿಂತುಬಿಡುತ್ತದೆ.

ಹೆಸರು ಹುಡುಕುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 8085ರಲ್ಲಿರುವುದು 80 ಹೆಸರು. ಅಕಾರಾದಿಯಾಗಿ ಜೋಡಿಸಿ ಬೈನರಿ ಸರ್ಚ್ ಮಾಡಿದರೆ ಹೆಚ್ಚೆಂದರೆ ಏಳು ಹೋಲಿಕೆ, ಹೆಸರಿನಿಂದಲೇ ಜಾಗ ಲೆಕ್ಕ ಹಾಕುವ ಹ್ಯಾಶ್ ಟೇಬಲ್ ಆದರೆ ಸಾಮಾನ್ಯವಾಗಿ ಒಂದೋ ಎರಡೋ. ಇಷ್ಟು ಚಿಕ್ಕ ಪಟ್ಟಿಗೆ ವೇಗ ದೊಡ್ಡ ವಿಷಯವೇ ಅಲ್ಲ. ಎಡವುವುದು ಬೇರೆ ಕಡೆ. ಸಾಲಿನ ಮೊದಲ ಎರಡು ಅಕ್ಷರ ಮಾತ್ರ ಹೋಲಿಸಿ ಎಲ್‌ಡಿ ಸಿಕ್ಕಿತು ಎಂದವನಿಗೆ ಝಡ್80ಯ ಬೇರೊಂದು ಇನ್‌ಸ್ಟ್ರಕ್ಷನ್ ಆದ ಎಲ್‌ಡಿಐಆರ್ ಕೂಡ ಎಲ್‌ಡಿಯಾಗಿಯೇ ಕಾಣುತ್ತದೆ. ಹೆಸರು ಎಲ್ಲಿ ಮುಗಿಯಿತು ಎಂಬುದನ್ನು ಮೊದಲು ಗುರುತಿಸಿ, ಆಮೇಲೆ ಪೂರ್ತಿ ಪದವನ್ನು ಹೋಲಿಸಬೇಕು. ದೊಡ್ಡಕ್ಷರ ಸಣ್ಣಕ್ಷರ ಒಂದು ಮಾಡುವುದೂ ಹುಡುಕುವ ಮೊದಲೇ ಆಗಬೇಕು. ಹಾಗೆಂದು ಇಡೀ ಸಾಲನ್ನು ದೊಡ್ಡಕ್ಷರ ಮಾಡಿಬಿಟ್ಟರೆ ಉದ್ಧರಣ ಚಿಹ್ನೆಯೊಳಗಿನ ಅಕ್ಷರವೂ ಬದಲಾಗಿ ಡೇಟಾ ಕೆಡುತ್ತದೆ.

ಹ್ಯಾಶ್‌ನಲ್ಲಿ ಏನನ್ನು ಇಡುವುದು ಎಂಬುದು ಮುಖ್ಯ. ಮುಕ್ತ ತಂತ್ರಾಂಶವಾದ ಗ್ನೂ ಅಸೆಂಬ್ಲರ್‌ನ ರಿಸ್ಕ್-ಫೈವ್ ಭಾಗ ಮಾಡುವುದು ಹೀಗೆ: ಒಂದೇ ಹೆಸರಿನ ಸಾಲುಗಳನ್ನು ಕೋಷ್ಟಕದಲ್ಲಿ ಒಂದರ ಕೆಳಗೊಂದು ಇಡುತ್ತದೆ, ಹ್ಯಾಶ್‌ಗೆ ಮೊದಲ ಸಾಲನ್ನು ಮಾತ್ರ ಸೇರಿಸುತ್ತದೆ. ಹೆಸರು ಸಿಕ್ಕ ಮೇಲೆ ಅಲ್ಲಿಂದ ಕೆಳಗೆ, ಹೆಸರು ಬದಲಾಗುವ ತನಕ, ಪ್ರತಿ ಸಾಲಿನ ಆಕಾರವನ್ನೂ ಹೊಂದಿಸಿ ನೋಡುತ್ತದೆ. ಆಕಾರ ಎಂದರೆ ಒಂದು ಚಿಕ್ಕ ಅಕ್ಷರಮಾಲೆ. ‘ಡಿ,ಎಸ್,ಟಿ’ ಎಂದರೆ ಮೂರೂ ರಿಜಿಸ್ಟರ್, ‘ಡಿ,ಎಸ್,ಜೆ’ ಎಂದರೆ ಕೊನೆಯದು 12 ಬಿಟ್‌ನ ಸಂಖ್ಯೆ. ‘ಆ್ಯಡ್’ ಎಂದು ಬರೆದು ಕೊನೆಗೆ 5 ಹಾಕಿದರೆ ಅಸೆಂಬ್ಲರ್ ತಾನೇ ‘ಆ್ಯಡ್‌ಐ’ ಬೈಟ್ ಕೊಡುವುದು ಈ ಎರಡನೆಯ ಸಾಲಿನಿಂದಲೇ, ಅದಕ್ಕೆಂದು ಕೋಡ್‌ನಲ್ಲಿ ಒಂದು ಇಫ್ ಕೂಡ ಬೇಕಿಲ್ಲ. ಎರಡು ಬೈಟ್‌ನ ಸಂಕುಚಿತ ರೂಪಗಳ ಸಾಲುಗಳು ನಾಲ್ಕು ಬೈಟ್‌ನವುಗಳಿಗಿಂತ ಮೇಲಿರುತ್ತವೆ, ಚಿಕ್ಕದು ಹೊಂದಿದರೆ ಅದೇ ಗೆಲ್ಲಲಿ ಎಂದು. ಕೋಷ್ಟಕದ ಕ್ರಮಕ್ಕೇ ಅರ್ಥವಿದೆ. ಯಾರೋ ಅಚ್ಚುಕಟ್ಟು ಮಾಡಲು ಹೋಗಿ ಸಾಲುಗಳನ್ನು ಅಕಾರಾದಿ ಜೋಡಿಸಿದರೆ ಎಲ್ಲ ಕೆಟ್ಟಿತು.

ಈ ಕ್ರಮದ ಪೇಚು ‘ಯಾವ ಎಕ್ಸ್‌ಪ್ರೆಶನ್ (ಬೆಲೆ ಕೊಡುವ ಲೆಕ್ಕ) ಆದರೂ ಸರಿ’ ಎನ್ನುವ ಸಾಲಿನಲ್ಲಿ ಚೆನ್ನಾಗಿ ಕಾಣುತ್ತದೆ. ‘ಎಲ್‌ಡಿ ಎ,*’ ಎಂಬ ಸಾಲು ನಕ್ಷತ್ರದ ಜಾಗದಲ್ಲಿ ಏನನ್ನಾದರೂ ನುಂಗುತ್ತದೆ: 5 ಅನ್ನೂ, ‘ಬಿ’ಯನ್ನೂ, ‘(ಎಚ್‌ಎಲ್)’ ಅನ್ನೂ. ಆದ್ದರಿಂದ ನಿರ್ದಿಷ್ಟವಾದವು ಮೇಲೆ, ಎಲ್ಲವನ್ನೂ ಒಪ್ಪುವುದು ಕೆಳಗೆ. ಹಳೆಯ ಕೋಷ್ಟಕಾಧಾರಿತ ಅಸೆಂಬ್ಲರ್‌ಗಳು ಅಕ್ಷರ ಅಕ್ಷರ ಹೊಂದಿಸಿ ನಕ್ಷತ್ರ ಬಂದಲ್ಲಿ ಎಕ್ಸ್‌ಪ್ರೆಶನ್ ಕತ್ತರಿಸಿಕೊಳ್ಳುತ್ತಿದ್ದವು. ಬರೆಯಲು ಸುಲಭ. ಆದರೆ ಆಪರೆಂಡನ್ನು ಮೊದಲು ಓದಿ, ಅದು ಯಾವ ಬಗೆಯದು ಎಂದು ಗುರುತು ಹಾಕಿ, ಆ ಗುರುತನ್ನು ಸಾಲಿನ ಗುರುತಿನೊಂದಿಗೆ ಹೋಲಿಸುವ ವಿಧಾನವೇ ಮೇಲು. ಸಾಲು ಎಷ್ಟಿದ್ದರೂ ಆಪರೆಂಡ್ ಓದುವುದು ಒಂದೇ ಸಲ.

ಈ ಓದುವ ಭಾಗದಲ್ಲೇ ಹೆಚ್ಚಿನ ತಪ್ಪುಗಳು ಇರುವುದು.

ಆವರಣವನ್ನೇ ತೆಗೆದುಕೊಳ್ಳಿ. ಝಡ್80ಯಲ್ಲಿ ಆವರಣ ಎಂದರೆ ಮೆಮೊರಿ, ಲೆಕ್ಕದಲ್ಲಿ ಆವರಣ ಎಂದರೆ ಗುಂಪು. ‘ಎಲ್‌ಡಿ ಎ,(2+3)*4’ ಎಂಬಲ್ಲಿ ಆವರಣದಿಂದ ಶುರುವಾಯಿತು ಎಂದು ಮೆಮೊರಿ ಎಂದುಕೊಂಡರೆ ತಪ್ಪು, ಅದು 20 ಎಂಬ ಸಂಖ್ಯೆ. ಸರಿ, ಶುರುವಿನಲ್ಲೂ ಕೊನೆಯಲ್ಲೂ ಆವರಣ ಇದ್ದರೆ ಮಾತ್ರ ಮೆಮೊರಿ ಎಂದು ತಿದ್ದುತ್ತಾರೆ. ಆಗ ‘ಎಲ್‌ಡಿ ಎ,(2)+(3)’ ಬಂದು ಅದನ್ನೂ ಕೆಡಿಸುತ್ತದೆ. ಮೊದಲ ಆವರಣದ ಜೋಡಿ ಎಲ್ಲಿ ಮುಚ್ಚಿತು ಎಂದು ಎಣಿಸಿ, ಅದು ಆಪರೆಂಡ್‌ನ ಕಟ್ಟಕಡೆಯ ಅಕ್ಷರವಾಗಿದ್ದರೆ ಮಾತ್ರ ಮೆಮೊರಿ. ತೆರೆದಾಗ ಒಂದು ಕೂಡು, ಮುಚ್ಚಿದಾಗ ಒಂದು ಕಳೆ, ಸೊನ್ನೆ ಮೊದಲು ಎಲ್ಲಿ ಬಂತು ನೋಡು, ಅಷ್ಟೇ.

‘(ಐಎಕ್ಸ್-5+2)’ ಇನ್ನೂ ಮಜಾ. ಐಎಕ್ಸ್ ಎಂಬ ಝಡ್80ಯ ಇಂಡೆಕ್ಸ್ ರಿಜಿಸ್ಟರ್‌ನಲ್ಲಿರುವ ವಿಳಾಸಕ್ಕೆ ಅಂತರ ಸೇರಿಸಿದ ಮೆಮೊರಿ ಜಾಗ ಇದು. ಐಎಕ್ಸ್ ಬದಿಗಿಟ್ಟು, ಮೈನಸ್ ಚಿಹ್ನೆ ನೋಡಿಕೊಂಡು, ಉಳಿದ ‘5+2’ ಅನ್ನು ಎಕ್ಸ್‌ಪ್ರೆಶನ್ ಓದುವ ಭಾಗಕ್ಕೆ ಕೊಟ್ಟರೆ 7 ಬರುತ್ತದೆ, ಕೊನೆಗೆ ಮೈನಸ್ ಹಚ್ಚಿದರೆ -7. ಬರೆದವನು ಹೇಳಿದ್ದು -3. ಚಿಹ್ನೆಯನ್ನು ಕಿತ್ತುಕೊಳ್ಳದೆ ‘-5+2’ ಎಂದೇ ಕೊಡಬೇಕು. ನಾಲ್ಕೇ ಬೈಟ್ ವ್ಯತ್ಯಾಸ. ಸಿಮ್ಯುಲೇಟರ್‌ನಲ್ಲಿ ಪಕ್ಕದ ವೇರಿಯಬಲ್ ಓದಿಕೊಂಡು ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಅಸೆಂಬ್ಲರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸಿ ಎಂಬ ಅಕ್ಷರ ಮತ್ತೊಂದು. ‘ಎಲ್‌ಡಿ ಎ,ಸಿ’ಯಲ್ಲಿ ಅದು ರಿಜಿಸ್ಟರ್, ಬೈಟ್ 79. ‘ಜೆಪಿ ಸಿ,2050ಎಚ್’ ಎಂಬ ಜಿಗಿತದಲ್ಲಿ ಅದೇ ಅಕ್ಷರ ಕ್ಯಾರಿ ಷರತ್ತು, ಬೈಟ್ ಡಿಎ. ಆಪರೆಂಡ್ ಓದುವವನು ಇದು ರಿಜಿಸ್ಟರ್ ಎಂದು ಅಲ್ಲೇ ತೀರ್ಪು ಕೊಟ್ಟುಬಿಟ್ಟರೆ ಜೆಪಿಗೆ ಯಾವ ಸಾಲೂ ಹೊಂದುವುದಿಲ್ಲ. ಅದಕ್ಕೇ ಗುರುತು ಒಂದು ಸಂಖ್ಯೆಯಾಗಿರದೆ ಬಿಟ್‌ಗಳ ಗುಚ್ಛವಾಗಿರಬೇಕು. ರಿಜಿಸ್ಟರ್ ಆಗಬಹುದು, ಷರತ್ತೂ ಆಗಬಹುದು ಎಂದು ಎರಡೂ ಬಿಟ್ ಹಚ್ಚಿ ಕಳಿಸಿ, ಸಾಲಿನ ಆಕಾರದೊಂದಿಗೆ ಆ್ಯಂಡ್ ಮಾಡಿ ಸೊನ್ನೆಯಲ್ಲದಿದ್ದರೆ ಹೊಂದಿತು. ತೀರ್ಪು ಕೋಷ್ಟಕದ್ದು.

ಪ್ರೊಸೆಸರ್ ಯಾವುದಾದರೂ ಪ್ರತಿ ಭಾಷೆಗೂ ಇಂಥ ಒಂದು ಗುಂಡಿ ಇದ್ದೇ ಇರುತ್ತದೆ. ಪಠ್ಯದಲ್ಲಿರುವ ಎಸ್‌ಐಸಿ/ಎಕ್ಸ್‌ಇ ಕಾಲ್ಪನಿಕ ಯಂತ್ರದಲ್ಲಿ ‘,ಎಕ್ಸ್’ ಎಂದರೆ ಇಂಡೆಕ್ಸ್ ಎಂದು ಕಲಿತವರು ಎಲ್ಲ ಸಾಲಿನಲ್ಲೂ ಅದನ್ನು ಮೊದಲೇ ಕತ್ತರಿಸಿ ಇಡುತ್ತಾರೆ. ‘ಕಾಂಪ್‌ಆರ್ ಎ,ಎಕ್ಸ್’ ಬಂದಾಗ ಎಕ್ಸ್ ಎರಡನೆಯ ರಿಜಿಸ್ಟರ್. ಬರಬೇಕಾದ್ದು ಎ0 01, ಕತ್ತರಿಸಿದವರಿಗೆ ಒಂದು ರಿಜಿಸ್ಟರ್ ಕಾಣೆ. ಎಕ್ಸ್‌ಗೆ ಏನರ್ಥ ಎಂದು ಹೇಳಬೇಕಾದ್ದು ಫಾರ್ಮ್ಯಾಟ್, ಅಂದರೆ ಮತ್ತೆ ಕೋಷ್ಟಕದ ಸಾಲು. ಇನ್ನು ಝಡ್80ಯ ‘ಇಎಕ್ಸ್ ಎಎಫ್,ಎಎಫ್'’ನ ಕೊನೆಯಲ್ಲಿರುವ ಒಂಟಿ ಚಿಹ್ನೆ ಉದ್ಧರಣವಲ್ಲ, ರಿಜಿಸ್ಟರ್ ಹೆಸರಿನ ಭಾಗ. ಉದ್ಧರಣದೊಳಗಿನ ಅಲ್ಪವಿರಾಮವನ್ನೂ, ಕಮೆಂಟ್ ಶುರುಮಾಡುವ ಅರ್ಧವಿರಾಮವನ್ನೂ ಕಾಪಾಡಲು ಬರೆದ ಕೋಡ್ ಇಲ್ಲಿ ಚಿಹ್ನೆ ಮುಚ್ಚಿಲ್ಲ ಎಂದು ಸಾಲಿನ ಕೊನೆಯ ಕಮೆಂಟ್‌ವರೆಗೂ ನುಂಗುತ್ತದೆ. ಅಕ್ಷರಕ್ಕೋ ಅಂಕಿಗೋ ಅಂಟಿಕೊಂಡು ಬಂದ ಒಂಟಿ ಚಿಹ್ನೆಯನ್ನು ಉದ್ಧರಣದ ಆರಂಭ ಎಂದು ಎಣಿಸಬಾರದು. ಆದರೆ ಎಸ್‌ಐಸಿಯಲ್ಲಿ ‘ಸಿ'ಇಒಎಫ್'’ ಎಂದು ಬರೆಯುವುದೇ ಹಾಗೆ! ಆದ್ದರಿಂದ ಈ ನಿಯಮವೂ ಕೋಡ್‌ನಲ್ಲಿ ಗಟ್ಟಿ ಕೂರದೆ ಪ್ರೊಸೆಸರ್‌ವಾರು ಬದಲಾಗುವಂತಿರಬೇಕು.

ಸಂಖ್ಯೆಗಳ ವಿಷಯ. ಇಂಟೆಲ್ ಪದ್ಧತಿಯಲ್ಲಿ ಹೆಕ್ಸ್ ಸಂಖ್ಯೆ ಅಂಕಿಯಿಂದಲೇ ಶುರುವಾಗಬೇಕು, 0ಎಫ್‌ಎಫ್‌ಎಚ್ ಎಂದು. ಸೊನ್ನೆ ಬಿಟ್ಟರೆ ಅದು ಲೇಬಲ್ (ವಿಳಾಸಕ್ಕೆ ಇಟ್ಟ ಹೆಸರು) ಆಗಿಬಿಡುತ್ತದೆ. ‘10ಬಿ’ ಬೈನರಿ, ಬೆಲೆ 2. ‘10ಬಿಎಚ್’ ಹೆಕ್ಸ್, ಬೆಲೆ 267. ಎಡದಿಂದ ಅಂಕಿ ಓದುತ್ತ ಬಿ ಕಂಡೊಡನೆ ಬೈನರಿ ಎಂದು ನಿಲ್ಲಿಸಿದವನು ಎರಡನೆಯದನ್ನು ಕೆಡಿಸಿದ. ಅಂಕಿ-ಅಕ್ಷರ ಮುಗಿಯುವ ತನಕ ಇಡೀ ತುಂಡನ್ನು ತೆಗೆದುಕೊಂಡು ಕೊನೆಯ ಅಕ್ಷರದಿಂದ ಬಗೆ ನಿರ್ಧರಿಸಬೇಕು.

ಮಿತಿ ಪರೀಕ್ಷೆಯನ್ನು ಬಹಳ ಮಂದಿ 255ರೊಂದಿಗೆ ಆ್ಯಂಡ್ ಮಾಡಿ ಮುಗಿಸುತ್ತಾರೆ. ‘ಎಲ್‌ಡಿ ಎ,300’ ಎಂದು ಬರೆದವನಿಗೆ 44 ಸಿಗುತ್ತದೆ, ಒಂದು ಎಚ್ಚರಿಕೆಯೂ ಇಲ್ಲದೆ. ಇದಕ್ಕಿಂತ ಕೆಟ್ಟ ಅಭ್ಯಾಸ ಅಸೆಂಬ್ಲರ್ ಬರವಣಿಗೆಯಲ್ಲಿ ಇನ್ನೊಂದಿಲ್ಲ. ಎಂಟು ಬಿಟ್‌ಗೆ -128ರಿಂದ 255ರ ತನಕ ಒಪ್ಪಿ, ಆಚೆಗಿದ್ದರೆ ನಿಲ್ಲಿಸಿ. ಜೆಆರ್‌ನಂಥ ಹತ್ತಿರದ ಜಿಗಿತಕ್ಕೆ ಅಂತರ ಎಣಿಸುವುದು ಮುಂದಿನ ಇನ್‌ಸ್ಟ್ರಕ್ಷನ್‌ನಿಂದ, ಹಾಗಾಗಿ ಜೆಆರ್ ಇರುವ ವಿಳಾಸದಿಂದ ನೋಡಿದರೆ -126ರಿಂದ +129.

ಇನ್ನು ಮುಂದೆ ಬರಲಿರುವ ಲೇಬಲ್‌ಗಳು. ಎರಡು ಪಾಸ್, ಅಂದರೆ ಪ್ರೋಗ್ರಾಂ ಅನ್ನು ಎರಡು ಸಲ ಓದುವುದು, ಇರುವುದು ಇದಕ್ಕೇ ಎಂದು ಎಲ್ಲರೂ ವೈವಾದಲ್ಲಿ ಹೇಳುತ್ತಾರೆ. ಸಾಲಿನ ಆಯ್ಕೆಗೂ ಇದಕ್ಕೂ ಇರುವ ನಂಟನ್ನು ಮಾತ್ರ ಹೇಳುವವರು ಕಡಿಮೆ. 6502 ಪ್ರೊಸೆಸರ್‌ನಲ್ಲಿ ಎಲ್‌ಡಿಎಗೆ ವಿಳಾಸ 255ರೊಳಗಿದ್ದರೆ ಎ5 ಎಂಬ ಎರಡು ಬೈಟ್‌ನ ರೂಪ, ಮೀರಿದರೆ ಎಡಿ ಎಂಬ ಮೂರು ಬೈಟ್‌ನ ರೂಪ. ಲೇಬಲ್‌ನ ಬೆಲೆ ಮೊದಲ ಪಾಸ್‌ನಲ್ಲಿ ಗೊತ್ತಿರುವುದಿಲ್ಲವಾದ್ದರಿಂದ ಮೂರು ಬೈಟ್ ಎಂದು ಜಾಗ ಬಿಡುತ್ತೀರಿ. ಎರಡನೆಯ ಪಾಸ್‌ನಲ್ಲಿ ಬೆಲೆ 16 ಎಂದು ತಿಳಿಯಿತು, ಕೋಷ್ಟಕವನ್ನು ಹೊಸದಾಗಿ ಹುಡುಕಿದಾಗ ಎರಡು ಬೈಟ್‌ನ ಸಾಲು ಹೊಂದಿತು. ಅಲ್ಲಿಂದ ಕೆಳಗಿನ ಪ್ರತಿ ಲೇಬಲ್ ಒಂದು ಬೈಟ್ ಸರಿಯಿತು, ಜಿಗಿತಗಳೆಲ್ಲ ಇನ್‌ಸ್ಟ್ರಕ್ಷನ್‌ನ ನಡುಮಧ್ಯೆ ಇಳಿಯುತ್ತವೆ. ಮದ್ದು ಸರಳ: ಮೊದಲ ಪಾಸ್‌ನಲ್ಲಿ ಆರಿಸಿದ ಸಾಲಿನ ಸಂಖ್ಯೆಯನ್ನು ಬರೆದಿಟ್ಟು ಎರಡನೆಯದರಲ್ಲಿ ಅದನ್ನೇ ಬಳಸಿ, ಬೆಲೆ ಮಾತ್ರ ತುಂಬಿ. ಜೊತೆಗೆ ಎರಡೂ ಪಾಸ್‌ನಲ್ಲಿ ಪ್ರತಿ ಲೇಬಲ್‌ನ ವಿಳಾಸ ಒಂದೇ ಬಂತೇ ಎಂದು ತಾಳೆ ನೋಡಿ.

ಸಾಲಿನಿಂದ ಸಾಲಿಗೆ ಪ್ರಯತ್ನಿಸುವ ವಿಧಾನದಲ್ಲಿ ಕಣ್ಣಿಗೆ ಬೀಳದ ಒಂದು ದೋಷವಿದೆ. ಗ್ನೂ ಅಸೆಂಬ್ಲರ್‌ನ ಎಕ್ಸ್‌ಪ್ರೆಶನ್ ಓದುವ ಫಂಕ್ಷನ್‌ಗೆ ಪರಿಚಯವಿಲ್ಲದ ಹೆಸರು ಸಿಕ್ಕಿದರೆ ಅದನ್ನು ಸಿಂಬಲ್ ಟೇಬಲ್‌ಗೆ ಸೇರಿಸಿಬಿಡುತ್ತದೆ. ರಿಜಿಸ್ಟರ್ ಹೆಸರನ್ನು ಮೊದಲು ಪರೀಕ್ಷಿಸದೆ ಈ ಫಂಕ್ಷನ್‌ಗೆ ಕೊಟ್ಟರೆ, ಆ ಸಾಲು ಹೊಂದದೆ ಮುಂದಿನ ಸಾಲು ಗೆದ್ದರೂ, ರಿಜಿಸ್ಟರ್‌ನ ಹೆಸರಿನಲ್ಲಿ ಒಂದು ಅನಾಥ ಸಿಂಬಲ್ ಉಳಿಯುತ್ತದೆ. ಬಹಳ ಹೊತ್ತಿನ ಮೇಲೆ ಲಿಂಕರ್ ಅದರ ಬಗ್ಗೆ ದೂರಿದರೆ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ಆ ಫಂಕ್ಷನ್ ಓದುವುದು ಸಾಲಿನ ಯಾವ ಜಾಗದಿಂದ ಎಂಬುದೂ ಒಂದು ಗ್ಲೋಬಲ್ ಪಾಯಿಂಟರ್‌ನಲ್ಲಿರುವುದರಿಂದ ಕರೆಯುವ ಮುನ್ನ ಅದನ್ನು ತೆಗೆದಿಟ್ಟು, ಆಮೇಲೆ ಮರಳಿ ಹಾಕಬೇಕು. ಆಪರೆಂಡನ್ನು ಒಂದೇ ಸಲ ಓದಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಕಾರಣ. ಹೊಂದುತ್ತದೆಯೇ ಎಂದು ನೋಡುವ ಹಂತದಲ್ಲಿ ಏನನ್ನೂ ಬರೆಯಬಾರದು, ಗೆದ್ದ ಸಾಲು ಖಚಿತವಾದ ಮೇಲೆಯೇ ಬರೆಯುವುದು.

ದೋಷ ಸೂಚನೆಯ ಬಗ್ಗೆ ಒಂದು ಮಾತು. ‘ಸಿಂಟ್ಯಾಕ್ಸ್ ಎರರ್’ ಎಂಬ ಒಂದೇ ಸಂದೇಶ ಕೊಡುವ ಅಸೆಂಬ್ಲರ್ ಬಳಸುವವನ ವೈರಿ. ಹೆಸರೇ ಸಿಗಲಿಲ್ಲ, ಹೆಸರು ಸಿಕ್ಕಿತು ಆದರೆ ಯಾವ ಆಕಾರವೂ ಹೊಂದಲಿಲ್ಲ, ಆಕಾರ ಹೊಂದಿತು ಆದರೆ ಬೆಲೆ ಮಿತಿ ಮೀರಿತು: ಮೂರೂ ಬೇರೆ ಬೇರೆ. ಕಂಪೈಲರ್ ಸಾಧನಗಳ ಸಂಗ್ರಹವಾದ ಎಲ್‌ಎಲ್‌ವಿಎಂ ಕೂಡ ಹೆಸರಿನ ಸೋಲನ್ನೂ ಆಪರೆಂಡ್‌ನ ಸೋಲನ್ನೂ ಪ್ರತ್ಯೇಕವಾಗಿಯೇ ತಿಳಿಸುತ್ತದೆ, ಈ ಪ್ರೊಸೆಸರ್ ಮಾದರಿಯಲ್ಲಿ ಆ ಸೌಲಭ್ಯವಿಲ್ಲ ಎಂಬುದನ್ನು ಇನ್ನೂ ಬೇರೆಯಾಗಿ. ಹತ್ತು ಸಾಲು ಪ್ರಯತ್ನಿಸಿ ಹತ್ತೂ ಸೋತಾಗ ಹೆಚ್ಚು ದೂರ ಹೋಗಿ ಸೋತ ಸಾಲಿನ ಕಾರಣವನ್ನೇ ಹೇಳಬೇಕು. ಕೊನೆಯ ಸಾಲಿನ ಕಾರಣ ಹೇಳಿದರೆ 300 ದೊಡ್ಡದಾಯಿತು ಎನ್ನುವ ಬದಲು ‘ಇಲ್ಲಿ ರಿಜಿಸ್ಟರ್ ಬೇಕಿತ್ತು’ ಎಂಬ ದಿಕ್ಕು ತಪ್ಪಿಸುವ ಮಾತು ಬರುತ್ತದೆ.

ಕೋರಿಕೆ ದೊಡ್ಡದೇನಲ್ಲ. ಲ್ಯಾಬ್ ಪ್ರಶ್ನೆಯನ್ನು ಹೀಗೆ ಬದಲಿಸಬಹುದು: ಅಸೆಂಬ್ಲರ್ ಬರೆಯಿರಿ, ಇನ್‌ಸ್ಟ್ರಕ್ಷನ್‌ಗಳೆಲ್ಲ ಹೊರಗಿನ ಒಂದು ಕಡತದಲ್ಲಿರಲಿ, ಪರೀಕ್ಷೆಯ ದಿನ ಪರೀಕ್ಷಕರು ಆ ಕಡತಕ್ಕೆ ಹೊಸ ಸಾಲೊಂದನ್ನು ಸೇರಿಸುತ್ತಾರೆ, ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡದೆ ಅದು ನಡೆಯಬೇಕು. ಕಡತ ಓದುವಾಗಲೇ ಒಂದೇ ಹೆಸರು, ಒಂದೇ ಆಕಾರದ ಎರಡು ಸಾಲು ಕಂಡರೆ ನಿಲ್ಲಿಸಬೇಕು ಎಂಬ ಷರತ್ತೂ ಇರಲಿ. 8085ಕ್ಕಾದರೆ ಪರೀಕ್ಷಿಸುವುದೂ ಸುಲಭ. ಇಂಟೆಲ್ ಪ್ರಕಟಿಸಿರುವುದು 246 ಆಪ್‌ಕೋಡ್. ಎಲ್ಲ ರೂಪಗಳನ್ನೂ ಒಂದು ಫೈಲ್‌ನಲ್ಲಿ ಬರೆದು ಅಸೆಂಬಲ್ ಮಾಡಿದರೆ ಮೊದಲ ಬೈಟ್‌ಗಳು 246 ಬೇರೆ ಬೇರೆ ಬರಬೇಕು, ಒಂದೂ ಎರಡು ಸಲ ಬರಬಾರದು, 08, 10, 18, 28, 38, ಸಿಬಿ, ಡಿ9, ಡಿಡಿ, ಇಡಿ, ಎಫ್‌ಡಿ ಈ ಹತ್ತು ಬರಲೇಬಾರದು. ಆಮೇಲೆ ‘ಮೂವ್ ಎಂ,ಎಂ’, ‘ಎಂವಿಐ ಎ,300’, ‘ಎಂವಿಐ ಎ,';'’ ಈ ಮೂರು ಸಾಲು ಕೊಡಿ. ಮೊದಲೆರಡನ್ನು ತಿರಸ್ಕರಿಸಿ, ಎರಡಕ್ಕೂ ಬೇರೆ ಬೇರೆ ಕಾರಣ ಹೇಳಿ, ಮೂರನೆಯದಕ್ಕೆ 3ಇ 3ಬಿ ಕೊಟ್ಟ ವಿದ್ಯಾರ್ಥಿಗೆ ವೈವಾದಲ್ಲಿ ಬೇರೇನೂ ಕೇಳಬೇಕಿಲ್ಲ.

ಇಂತಿ,
ಸಿಸ್ಟಂ ಸಾಫ್ಟ್‌ವೇರ್ ಬೋಧಕರು, ಮೈಸೂರು